ಬಲಕ್ಕೆ ನಿಂತ ಸೀತಮ್ಮ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ಹಿರಿಯರು ಮದುವೆ ಮುಗಿದ ಮೇಲೆ ಏನೇನು ನೋಡಬೇಕಾಗುತ್ತದೆ ಎಂಬುದನ್ನು ಹೇಳಿಹೋಗಲಿಲ್ಲ. ಚಪ್ಪರ ಬಿಚ್ಚಿಯಾಗಿತ್ತು. ಬಾಡಿಗೆಗೆ ತಂದ ಪಾತ್ರೆಗಳನ್ನು ಎಣಿಸಿ ಹಿಂದಿರುಗಿಸಿ, ಕಳೆದುಹೋದ ಎರಡು ಸೌಟಿಗೆ ದಂಡ ತೆತ್ತು, ಬೀಗರ ಔತಣವನ್ನೂ ಮುಗಿಸಿ ನಾನು ಜಗುಲಿಯ ಮೇಲೆ ಕಾಲು ಚಾಚಿ ಕುಳಿತಿದ್ದೆ. ಕಿರಿಯ ಮಗಳು ಬಂದು, "ಅಪ್ಪ, ಇನ್ನೊಂದು ಕಾರ್ಡು ಬಾಕಿ ಇದೆ" ಎಂದಳು.

ನನ್ನ ಎದೆ ಧಸಕ್ಕೆಂದಿತು. ನಮ್ಮ ಕಡೆ ಮದುವೆಯಲ್ಲಿ ಊಟ ಕಡಿಮೆ ಬಿದ್ದರೆ ಒಂದು ವರ್ಷ ಆಡಿಕೊಳ್ಳುತ್ತಾರೆ. ಪತ್ರಿಕೆ ಕೊಡುವುದನ್ನು ಮರೆತರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. "ಯಾರಿಗೆ ಕೊಡೋದು ಮರೆತ್ವಿ?" ಎಂದೆ.

"ಕೊಡೋದಲ್ಲಪ್ಪ, ಮಾಡೋದು. ಥ್ಯಾಂಕ್ಯೂ ಕಾರ್ಡು. ಸೆಟ್ಟಿನಲ್ಲಿ ಅದೊಂದು ಉಳಿದಿದೆ."

ಈ ಸೆಟ್ಟು ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ. ಲಗ್ನಪತ್ರಿಕೆಗಳ ಅಂಗಡಿಗಳು ಸಾಲಾಗಿರುವ ಆ ಬೀದಿಗೆ ಹಿರಿಯ ಮಗಳ ಮದುವೆಗೆಂದು ಮನೆಮಂದಿಯೆಲ್ಲ ಹೋಗಿದ್ದೆವು. ಅಂಗಡಿಯವರು ದಪ್ಪ ಆಲ್ಬಮ್ಮು ಬಿಚ್ಚಿ ತೋರಿಸಿದರು. ಆಮಂತ್ರಣ ಪತ್ರಿಕೆ, ಅದಕ್ಕೊಪ್ಪುವ ಲಕೋಟೆ, ತಾಂಬೂಲದ ಚೀಲ, ಕೊನೆಗೆ ಬಂದುಹೋದವರಿಗೆ ಕಳಿಸುವ ಪುಟ್ಟ ವಂದನೆಯ ಕಾರ್ಡು. ಎಲ್ಲಕ್ಕೂ ಒಂದೇ ಬಣ್ಣ, ಒಂದೇ ಅಂಚು, ಒಂದೇ ಅಕ್ಷರ. ಬೆಲೆ ಕೇಳಿದ ಮೇಲೆ ನಾವು ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿದು ಬಸ್ಸು ಹತ್ತಿದೆವು. ರಾಮನಗರ ದಾಟುವ ಹೊತ್ತಿಗೆ, ಮೈಸೂರಿನಲ್ಲಿ ಪದವಿಯ ಕೊನೆಯ ವರ್ಷ ಓದುತ್ತಿದ್ದ ಕಿರಿಯವಳು, "ಅಕ್ಕನ ಕಾರ್ಡು ನಾನೇ ಮಾಡ್ತೀನಿ" ಎಂದಳು. ಚಿತ್ರ ಬರೆಯುವ ಹುಚ್ಚು ಅವಳಿಗೆ ಮೊದಲಿನಿಂದಲೂ ಇದೆ. ದುಡ್ಡು ಉಳಿಯುತ್ತದೆಂದು ನಾನು ಒಪ್ಪಿದೆ.

ನನ್ನ ಮದುವೆಯ ಪತ್ರಿಕೆ ಅಚ್ಚಾದದ್ದು 1989ರಲ್ಲಿ, ಕೃಷ್ಣರಾಜನಗರದ ಒಂದು ಟ್ರೆಡಲ್ ಪ್ರೆಸ್ಸಿನಲ್ಲಿ. ಮೊಳೆ ಜೋಡಿಸುವವರು ಗೂಡುಗೂಡಾಗಿದ್ದ ಮರದ ತಟ್ಟೆಗಳಿಂದ ಅಕ್ಷರಗಳನ್ನು ಕೋಳಿ ಕಾಳು ಹೆಕ್ಕಿದ ಹಾಗೆ ಹೆಕ್ಕುತ್ತಿದ್ದರು. ಕನ್ನಡಕ್ಕೆ ಒತ್ತುಗಳೂ ಬೇಕಲ್ಲ, ತಟ್ಟೆಯ ಗೂಡುಗಳಿಗೆ ಲೆಕ್ಕವೇ ಇರಲಿಲ್ಲ. ಪ್ರೆಸ್ಸಿನಲ್ಲಿ ಇದ್ದದ್ದು ಒಂದೇ ಗಣಪತಿಯ ಬ್ಲಾಕು. ಸುತ್ತಲಿನ ಊರುಗಳ ಮದುವೆಗಳಿಗೆಲ್ಲ ಅವನೇ ಬಂದುಹೋಗಿದ್ದರಿಂದ ನನ್ನ ಸರದಿಯ ಹೊತ್ತಿಗೆ ಸೊಂಡಿಲ ತುದಿ ಸವೆದಿತ್ತು. ಪತ್ರಿಕೆ ಅಚ್ಚಾದ ಮೇಲೆ ನನ್ನ ಹೆಸರಿನ ಮೊಳೆಗಳನ್ನು ಮತ್ತೆ ತಟ್ಟೆಗೆ ಹರಡಿದರು. ಅವು ಮರುದಿನ ಯಾವ ಹರಾಜು ನೋಟೀಸಿಗೆ ಹೋದವೋ. ಸೆಟ್ಟು ಎಂಬುದಾಗಲಿ, ವಂದನೆಯ ಕಾರ್ಡಾಗಲಿ ಯಾರ ಕಲ್ಪನೆಯಲ್ಲೂ ಇರಲಿಲ್ಲ. ದೂರದವರಿಗೆ ಲಕೋಟೆಯ ಬಾಯಿ ಅಂಟಿಸದೆ ಬುಕ್‌ಪೋಸ್ಟು, ಹತ್ತಿರದವರಿಗೆ ಸೈಕಲ್ಲು, ಅಷ್ಟೆ.

ಮಗಳು ಮಾಡಿದ ಪತ್ರಿಕೆ ಅದಕ್ಕಿಂತ ಬಹಳ ಚೆನ್ನಾಗಿತ್ತೆಂದು ತಂದೆಯ ಪಕ್ಷಪಾತ ಬಿಟ್ಟೇ ಹೇಳುತ್ತೇನೆ. ಅರಿಶಿನ ಬಣ್ಣದ ದಪ್ಪ ಕಾಗದದ ಮೇಲೆ ಕುಂಕುಮದ ಬಣ್ಣದ ಶಾಯಿ, ಎರಡೇ ಬಣ್ಣ. ನಮ್ಮೂರು ಚುಂಚನಕಟ್ಟೆಗೆ ಎರಡು ಮೈಲಿ. ಅಲ್ಲಿ ಕಾವೇರಿ ಸುಮಾರು 60 ಅಡಿ ಎತ್ತರದಿಂದ ಬಂಡೆಗಳ ಮೇಲೆ ಧುಮುಕುತ್ತಾಳೆ. ಆ ನೀರಿನ ಎಳೆಗಳನ್ನೇ ಅವಳು ಪತ್ರಿಕೆಯ ಅಂಚು ಮಾಡಿದ್ದಳು. ಮೇಲೆ ಗಣಪತಿಯ ಬದಲು ಅಲ್ಲಿನ ಕೋದಂಡರಾಮ, ಸೀತೆ, ಲಕ್ಷ್ಮಣ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ಪ್ರೂಫನ್ನು ನಾಲ್ಕು ಸಲ ಓದಿದೆ. 'ಚಿ||ಸೌ||' ಮುಂದೆ ಇರಬೇಕಾದ ಎರಡು ಗೆರೆ, 'ಆಗಮನಾಭಿಲಾಷಿ'ಯ ದೀರ್ಘ, ಯಾವುದೂ ತಪ್ಪಿಸಿಕೊಳ್ಳಲಿಲ್ಲ. 600 ಪತ್ರಿಕೆ ಅಚ್ಚಾಗಿ ಬಂದವು.

ಮೊದಲ ಪತ್ರಿಕೆ ದೇವರಿಗೆ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಅವ್ವನನ್ನು ಕರೆದುಕೊಂಡು ಚುಂಚನಕಟ್ಟೆಗೆ ಹೋದೆವು. ಮಂಗಳಾರತಿಯಾಯಿತು. ಅಕ್ಷರ ಬಾರದ ಅವ್ವ ಕೈಯಲ್ಲಿದ್ದ ಪತ್ರಿಕೆಯನ್ನೊಮ್ಮೆ, ಗರ್ಭಗುಡಿಯನ್ನೊಮ್ಮೆ ನೋಡಿದರು. ಮತ್ತೆ ಪತ್ರಿಕೆ, ಮತ್ತೆ ಗರ್ಭಗುಡಿ.

"ಅಲ್ಲ ಕಣ್ ಮಗ, ಸೀತಮ್ಮ ಯಾಕೆ ಆ ಕಡೀಕ್ ಹೋಗವ್ಳೆ?"

ಓದುಗರಲ್ಲಿ ಚುಂಚನಕಟ್ಟೆಗೆ ಹೋದವರಿಗೆ ಗೊತ್ತಿರುತ್ತದೆ. ಸಾಮಾನ್ಯವಾಗಿ ರಾಮನ ಗುಡಿಗಳಲ್ಲಿ ಸೀತೆ ರಾಮನ ಎಡಕ್ಕೆ ನಿಲ್ಲುತ್ತಾಳೆ. ಇಲ್ಲಿ ಬಲಕ್ಕೆ, ಲಕ್ಷ್ಮಣ ಎಡಕ್ಕೆ. ಈ ಗುಡಿಯ ಹೆಸರೆತ್ತಿದರೆ ಜನ ಮೊದಲು ಹೇಳುವ ಮಾತೇ ಅದು. ಮಗಳಿಗೂ ಗೊತ್ತಿತ್ತು. ಅಜ್ಜಿಯ ಬಾಯಲ್ಲಿ ನೂರು ಸಲ ಕೇಳಿದ್ದಳು. ಗೊತ್ತಿದ್ದರಿಂದಲೇ ತಪ್ಪಾದದ್ದು: ಸೀತೆ ಬಲಕ್ಕೆ ಎಂದುಕೊಂಡು ಕಾಗದದ ಬಲಕ್ಕೆ ಬರೆದಿದ್ದಳು. ನಮ್ಮ ಬಲ, ಎದುರು ನಿಂತ ದೇವರಿಗೆ ಎಡ. ಕನ್ನಡಿಯ ಪಾಠವನ್ನು ಹೈಸ್ಕೂಲಿನಲ್ಲಿ ಎಲ್ಲರೂ ಓದಿರುತ್ತಾರೆ, ಪರೀಕ್ಷೆಯಲ್ಲಿ ಬರೆದೂ ಇರುತ್ತಾರೆ. ಒಂದು ಸಲ ಗುಡಿಗೆ ಹೋಗಿ ಕಣ್ಣಿಟ್ಟು ನೋಡಿ ಬರೆದಿದ್ದರೆ ಆಗುತ್ತಿತ್ತು. ಅವಳು ಬರೆದದ್ದು ಮೈಸೂರಿನ ಹಾಸ್ಟೆಲಿನಲ್ಲಿ ಕುಳಿತು. ಇನ್ನು ಆ ಗುಡಿಯ ಅಂಗಳದಲ್ಲೇ ಆಡಿ ಬೆಳೆದ ನಾನು ಅಕ್ಷರ ಓದಿದೆ, ಚಿತ್ರ ನೋಡಲಿಲ್ಲ.

ಮಗಳು ಅಳಲು ಶುರುಮಾಡಿದಳು. ಮತ್ತೆ ಅಚ್ಚು ಹಾಕಿಸಲು ದುಡ್ಡೂ ಇರಲಿಲ್ಲ, ದಿನವೂ ಇರಲಿಲ್ಲ. "ಬೇರೆ ಊರಿನವರಿಗೆ ಇದೇ ಸರಿ ಕಾಣುತ್ತೆ, ನಮ್ಮೂರಿನವರು ಕಾರ್ಡು ನೋಡೋದು ತಾರೀಕಿಗೆ" ಎಂದು ಸಮಾಧಾನ ಹೇಳಿ ಎಲ್ಲವನ್ನೂ ಹಂಚಿಬಿಟ್ಟೆ. ಯಾರೂ ಏನೂ ಅನ್ನಲಿಲ್ಲ. ಕಾರ್ತೀಕದಲ್ಲಿ ಮದುವೆಯೂ ಆಯಿತು.

ಈಗ ಅದೇ ಸೆಟ್ಟಿನ ಕೊನೆಯ ಕಾರ್ಡಿನ ಮಾತು ಬಂದಿತ್ತು. ಅಳಿಯಂದಿರು ಫೋನಿನಲ್ಲಿ, "ಯಾಕೆ ಮಾವ ತೊಂದರೆ, ವಾಟ್ಸ್ಆಪಿನಲ್ಲಿ ಒಂದು ಚಿತ್ರ ಕಳಿಸಿದರಾಯಿತಲ್ಲ" ಎಂದರು. ನನಗೂ ಅದೇ ಸರಿ ಅನ್ನಿಸಿತ್ತು. ಕಿರಿಯವಳು ಕೇಳಲಿಲ್ಲ. ಅವಳಿಗೆ ವಂದನೆಗಿಂತ ಹೆಚ್ಚಾಗಿ ಸೀತಮ್ಮನನ್ನು ಸರಿಯಾದ ಜಾಗಕ್ಕೆ ತರಬೇಕಾಗಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಕಾಗದ ಇತ್ತು. ಪತ್ರಿಕೆಗೆಂದು ಎ3 ಅಳತೆಯ 200 ಹಾಳೆ ತಂದಿದ್ದಳು. ಒಂದು ಹಾಳೆಗೆ ನಾಲ್ಕರಂತೆ 600 ಪತ್ರಿಕೆಗೆ 150 ಸಾಕಾಗಿತ್ತು. ಮಿಕ್ಕ 50 ಯಾಕೆಂದು ಆಗ ರೇಗಿದ್ದೆ. "ಬಣ್ಣದ ಕಾಗದ ಒಂದು ಲಾಟಿನಂತೆ ಇನ್ನೊಂದು ಲಾಟು ಇರಲ್ಲಪ್ಪ, ಆಮೇಲೆ ಇದೇ ಹಳದಿ ಸಿಕ್ಕಲ್ಲ" ಎಂದಿದ್ದಳು. ಸೀರೆಗೆ ರವಿಕೆ ಕಣ ಹುಡುಕಿ ಬೀದಿ ಸುತ್ತಿದ ಹೆಂಗಸರಿಗೆ ಈ ಮಾತು ಕೂಡಲೇ ಅರ್ಥವಾಗುತ್ತದೆ. ನನ್ನ ಹೆಂಡತಿಗೆ ಆಗಿತ್ತು. ಪತ್ರಿಕೆ ಎ5, ವಂದನೆಯ ಕಾರ್ಡು ಅದರರ್ಧ, ಎ6. ಈ ಅಳತೆಗಳಲ್ಲೊಂದು ಚಂದದ ಗಣಿತವಿದೆ. ಉದ್ದ ಬದಿಯನ್ನು ಸರಿಯಾಗಿ ಮಧ್ಯಕ್ಕೆ ಮಡಿಸಿದರೆ ಬರುವ ಅರ್ಧ ಹಾಳೆಯೂ ಮೊದಲಿನ ಆಕಾರದಲ್ಲೇ ಇರುತ್ತದೆ. ಉದ್ದಕ್ಕೂ ಅಗಲಕ್ಕೂ ಇರುವ ಪ್ರಮಾಣ ಎರಡರ ವರ್ಗಮೂಲವಾಗಿರುವುದೇ ಅದಕ್ಕೆ ಕಾರಣ. ಹಾಗಾಗಿ ಅಂಚಿನ ನೀರಿನ ಎಳೆಗಳನ್ನು ಹಿಗ್ಗಿಸದೆ ಕುಗ್ಗಿಸದೆ ಹಾಗೇ ಇಳಿಸಬಹುದಿತ್ತು. ಒಂದು ಹಾಳೆಗೆ ಎಂಟು, ಐವತ್ತಕ್ಕೆ 400 ಕಾರ್ಡು.

ಅಂಚು ಇಳಿಯಿತು, ಅಕ್ಷರ ಇಳಿಯಲಿಲ್ಲ. 14 ಪಾಯಿಂಟಿನ ಅಕ್ಷರ ಅದೇ ಪ್ರಮಾಣದಲ್ಲಿ ಇಳಿಸಿದರೆ 10ಕ್ಕೆ ಬರುತ್ತದೆ. ಅವಳು ಹಾಕಿಸುತ್ತಿದ್ದದ್ದು ಸ್ಕ್ರೀನ್ ಪ್ರಿಂಟಿಂಗ್; ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯ ಮೂಲಕ ಶಾಯಿಯನ್ನು ಒತ್ತಿ ಇಳಿಸುವ ಕೆಲಸ. ಸಣ್ಣ ಅಕ್ಷರದಲ್ಲಿ ಒತ್ತುಗಳ ಹೊಟ್ಟೆ ಶಾಯಿಯಿಂದ ತುಂಬಿಕೊಂಡು 'ಕೃತಜ್ಞತೆ'ಯ ಜ್ಞ ಒಂದು ಕೆಂಪು ಚುಕ್ಕೆಯಾಯಿತು. ಇಂಗ್ಲಿಷಿಗೆ ಈ ಕಷ್ಟ ಕಡಿಮೆ. ನಮ್ಮ ಅಕ್ಷರ ಕೆಳಕ್ಕೂ ಜೋತುಬೀಳುತ್ತದೆ, ಸಾಲಿನ ನಡುವೆ ಜಾಗ ಕೇಳುತ್ತದೆ. ಕಡೆಗೆ 12 ಪಾಯಿಂಟಿಗೆ ನಿಲ್ಲಿಸಿ, "ಅಕ್ಷರ ಚಿಕ್ಕದು ಮಾಡೋಕಾಗಲ್ಲಪ್ಪ, ಮಾತು ಕಡಿಮೆ ಮಾಡಬೇಕು" ಎಂದಳು. ಕನ್ನಡ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಏಟಿಲ್ಲ.

ಯಾಕೆಂದರೆ ಒಕ್ಕಣೆ ನನ್ನದು. 'ತಾವು ಸಕುಟುಂಬ ಸಪರಿವಾರ ದಯಮಾಡಿಸಿ, ವಧೂವರರನ್ನು ಹರಸಿ, ನಮ್ಮ ಆತಿಥ್ಯವನ್ನು ಸ್ವೀಕರಿಸಿದ್ದಕ್ಕಾಗಿ ಹೃತ್ಪೂರ್ವಕ ಧನ್ಯವಾದಗಳು' ಎಂದು ಶುರುವಾಗಿ ಹನ್ನೊಂದು ಸಾಲು. ಸಭೆಗಳ ವಂದನಾರ್ಪಣೆಯನ್ನು ಮೂವತ್ತು ವರ್ಷ ಮಾಡಿದವನು ನಾನು. ಅದು ಜನ ಚಪ್ಪಲಿ ಹುಡುಕುವ ಹೊತ್ತು ಎಂಬುದೂ ಗೊತ್ತು. ಆದರೂ ಅಭ್ಯಾಸ ಬಿಡುವುದಿಲ್ಲ. ಅದನ್ನು ಅವ್ವನ ಮುಂದೆ ಗಟ್ಟಿಯಾಗಿ ಓದಿದೆ.

ಅವ್ವ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. "ಧನ್ಯವಾದ ಅಂದ್ರೆ, ನಿಮ್ದು ನಮ್ದು ಲೆಕ್ಕ ಮುಗೀತು ಅಂತ್ಲಾ?" ಎಂದರು.

"ಹಂಗಲ್ಲವ್ವ, ಉಪಕಾರ ನೆನೆಯೋದು."

"ನೆನ್ಯೋಕ್ ಕಾಗದ ಯಾಕ್ಲಾ? ಅವ್ರ ಮನೆ ಮದ್ವೆಗೆ ಹೋಗಿ ನೀರು ಹೊತ್ರೆ ನೆನೆದಂಗೆ. ನಿಮ್ಮಪ್ಪ ಐವತ್ತು ವರ್ಷ ಬಾಳುದ್ರು, ಒಂದ್ ದಿನ ಆ ಮಾತ ನಂಗಂದಿದ್ರಾ? ಅಂದಿದ್ರೆ ನಾನು ಗಂಟು ಕಟ್ಕಂಡು ತೌರಿಗ್ ಹೋಗ್ತಿದ್ದೆ."

ನಕ್ಕೆವು. ಆದರೆ ಅವರ ಮಾತು ನನ್ನನ್ನು ಬಿಡಲಿಲ್ಲ. ನಮ್ಮಲ್ಲಿ ಮುಯ್ಯಿ ಎಂಬುದಿದೆ. ಗದ್ದೆಯ ಕೆಲಸಕ್ಕೆ ಅವರು ನಮಗೆ ಬಂದರೆ ನಾವು ಅವರಿಗೆ ಹೋಗುವುದು ಮುಯ್ಯಾಳು. ಮದುವೆಯಲ್ಲಿ ಚಪ್ಪರದ ಬಾಗಿಲಲ್ಲಿ ಒಬ್ಬರು ನೋಟ್‌ಬುಕ್ಕು ಹಿಡಿದು ಕೂತು, ಯಾರು 101 ಕೊಟ್ಟರು, ಯಾರು 501 ಕೊಟ್ಟರು ಬರೆದುಕೊಳ್ಳುತ್ತಾರೆ. ಹಿಂದಿರುಗಿಸುವಾಗ ಸ್ವಲ್ಪ ಮೇಲೆ ಹಾಕಿ ಕೊಡಬೇಕು. ಸರಿಸಮ ಕೊಟ್ಟರೆ ಲೆಕ್ಕ ಚುಕ್ತಾ ಮಾಡಿದ ಹಾಗೆ, ಅದು ಮರ್ಯಾದೆಯಲ್ಲ. ಯಾವ ಕಡೆಯಲ್ಲಾದರೂ ಒಂದಿಷ್ಟು ಬಾಕಿ ಉಳಿದಿದ್ದರೆ ಹೋಗಿಬರುವುದು ಉಳಿಯುತ್ತದೆ. ವಂದನೆಯ ಕಾರ್ಡು ಬೇರೆ ಪದ್ಧತಿಯಿಂದ ಬಂದದ್ದು. ಉಡುಗೊರೆ ಬಂತು, ಕಾರ್ಡು ಹೋಯಿತು, ಅಲ್ಲಿಗೆ ಮುಗಿಯಿತು. ಅದನ್ನು ನಮ್ಮ ಮುಯ್ಯಿ ಪುಸ್ತಕದ ಪಕ್ಕದಲ್ಲಿಟ್ಟರೆ ಅವ್ವನಿಗೆ ಅನ್ನಿಸಿದ್ದೇ ಯಾರಿಗಾದರೂ ಅನ್ನಿಸಬೇಕು.

ಮಗಳಿಗೆ 'ಕೃತಜ್ಞ' ಎಂಬುದರ ಅರ್ಥ ಬಿಡಿಸಿ ಹೇಳಿದೆ. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ತಿಳಿದವನು. ಮಾಡಿದ್ದನ್ನು ತಿಳಿದವನು ಕೃತಜ್ಞ. ಅವಳು ಕೂಡಲೇ 'ನೀವು ಮಾಡಿದ್ದು ನಮಗೆ ಗೊತ್ತಿದೆ' ಎಂದು ಬರೆದುಕೊಂಡು ಬಂದಳು. ತವರಿಗೆ ಬಂದಿದ್ದ ಹಿರಿಯವಳು ಓದಿ, "ಪೊಲೀಸ್ ಸ್ಟೇಷನ್ನಿನಿಂದ ಬಂದ ಹಾಗಿದೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊನೆಗೆ ಉಳಿದದ್ದು ಎರಡು ವಾಕ್ಯ. ಮೇಲೆ, 'ನಮ್ಮ ಮನೆಯ ಮದುವೆಯಲ್ಲಿ ನೀವು ಮಾಡಿದ್ದನ್ನು ನೆನೆಯುತ್ತೇವೆ.' ಕೆಳಗೆ, 'ನಿಮ್ಮ ಮನೆಯ ಶುಭಕಾರ್ಯಕ್ಕೆ ನಮ್ಮನ್ನು ತಪ್ಪದೆ ಕರೆಯಿರಿ.' ನಡುವೆ ಮೂರು ಸಾಲು ಖಾಲಿ. ಅವರವರು ಮಾಡಿದ್ದನ್ನು ಅಲ್ಲಿ ಕೈಯಲ್ಲಿ ಬರೆಯುವುದು. ಧನ್ಯವಾದ ಎಂಬ ಮಾತು ಎಲ್ಲೂ ಇರಲಿಲ್ಲ. ಅವ್ವ ಕೇಳಿ, "ಕರೀರಿ ಅಂತ ಹಾಕಿದ್ಯಲ್ಲ, ಬುಡು ಆಯ್ತು. ನಾಕ್ ಮೂಲೆಗೆ ಅರಿಸಿಣ ಮಾತ್ರ ಹಚ್ಚಿ, ಬರಿ ಕಾಗದ ಬಂದ್ರೆ ಜನ ಯಾರು ಹೋದ್ರೋ ಅಂತ ಗಾಬ್ರಿ ಆಯ್ತಾರೆ" ಎಂದರು.

ಚಿತ್ರಕ್ಕೆ ಹೆಚ್ಚು ಕೆಲಸವಿಲ್ಲ, ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸಿದರೆ ಸೀತಮ್ಮ ತಾನೇ ಬರುತ್ತಾಳೆ ಎಂದು ಮಗಳು ಲೆಕ್ಕ ಹಾಕಿದ್ದಳು. ತಿರುಗಿಸಿದಳು. ಸೀತಮ್ಮ ಬಂದಳು, ಆದರೆ ರಾಮನ ಎಡಗೈಯಲ್ಲಿದ್ದ ಬಿಲ್ಲು ಬಲಗೈಗೆ ಹೋಯಿತು, ಬಾಣ ಎಡಗೈಗೆ ಬಂತು. ಕೋದಂಡರಾಮ ಎಡಚನಾದ! ಈ ಸಲ ತಪ್ಪು ಅವಳ ಕಣ್ಣಿಗೇ ಬಿತ್ತು. ಮರುದಿನ ಅಜ್ಜಿಯನ್ನು ಕರೆದುಕೊಂಡು ಗುಡಿಗೆ ಹೋಗಿ, ನೋಟ್‌ಬುಕ್ಕು ಹಿಡಿದು ಎದುರಿಗೆ ನಿಂತು, ಒಂದೊಂದು ವಿಗ್ರಹವನ್ನೂ ನೋಡಿಕೊಂಡು ಹೊಸದಾಗಿ ಬರೆದಳು.

ಇನ್ನು ಯಾರಿಗೆ ಎಂಬ ಪ್ರಶ್ನೆ. ನಾನು ಮುಯ್ಯಿ ಪುಸ್ತಕ ತೆಗೆದೆ. ಸುಮಾರು ಮುನ್ನೂರು ಹೆಸರು. ನನ್ನ ಹೆಂಡತಿ ಅದನ್ನು ತಿರುವಿಹಾಕಿ, "ಇದರಲ್ಲಿ ದುಡ್ಡು ಕೊಟ್ಟೋರಿದ್ದಾರೆ, ಕೆಲಸ ಮಾಡಿದೋರು ಎಲ್ಲಿ?" ಎಂದಳು. ಕುಳಿತು ಇನ್ನೊಂದು ಪಟ್ಟಿ ಮಾಡಿದಳು. ಹಿಂದಿನ ರಾತ್ರಿ ಕುಂಬಳಕಾಯಿ ಹೆಚ್ಚಿದ ಹೆಂಗಸರು, ಎಲೆ ಎತ್ತಿದ ಕಾಲೇಜು ಹುಡುಗರು, ಅರಿಶಿನ ಕುಟ್ಟಿದ ಮುತ್ತೈದೆಯರು, ಬಸ್ಸಿನಿಂದಿಳಿದ ಬೆಂಗಳೂರಿನವರಿಗೆ ದಾರಿ ತೋರಿಸಲು ಬಿಸಿಲಲ್ಲಿ ನಿಂತ ಹುಡುಗ. ಐವತ್ತೆಂಟು ಹೆಸರು. ಕೊನೆಯದು ನನ್ನ ತಮ್ಮನದು.

ತಮ್ಮನಿಗೂ ನನಗೂ ಏಳು ವರ್ಷದಿಂದ ಮಾತಿರಲಿಲ್ಲ. ನಾಲೆಯ ಕೆಳಗಿನ ಗದ್ದೆಯ ಪಾಲಿನ ವಿಷಯ. ಓದುವವರಿಗೆ ಅದರಲ್ಲಿ ಹೊಸದೇನೂ ಇಲ್ಲ. ಅವ್ವನ ಹಟಕ್ಕೆ ಪತ್ರಿಕೆಯಲ್ಲಿ ಅವನ ಹೆಸರು ಹಾಕಿಸಿದ್ದೆ, ಕೊಡಲು ಮಾತ್ರ ಅವ್ವನೇ ಹೋಗಿದ್ದರು. ಮದುವೆಯ ಹಿಂದಿನ ರಾತ್ರಿ ನಮ್ಮ ಕೊಳವೆ ಬಾವಿಯ ಮೋಟಾರು ಸುಟ್ಟುಹೋಯಿತು. ಬೆಳಗಾದರೆ ಐನೂರು ಜನದ ಅಡುಗೆ. ನಾನು ಟ್ಯಾಂಕರಿಗೆಂದು ಫೋನು ಹಿಡಿದು ಒದ್ದಾಡುತ್ತಿದ್ದೆ. ರಾತ್ರಿ ಮೂರರ ಹೊತ್ತಿಗೆ ಹಿತ್ತಲಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ತಮ್ಮ ತನ್ನ ಪಂಪ್‌ಸೆಟ್ಟಿನಿಂದ ಎರಡು ಗದ್ದೆ ದಾಟಿಸಿ ಪೈಪು ಜೋಡಿಸಿದ್ದ. ಡ್ರಮ್ಮುಗಳೆಲ್ಲ ತುಂಬುವ ತನಕ ಬದುವಿನ ಮೇಲೆ ಬೀಡಿ ಸೇದುತ್ತ ಕೂತಿದ್ದನಂತೆ. ನಾನು ಹೋಗಿ ನೋಡುವಷ್ಟರಲ್ಲಿ ಪೈಪು ಮಾತ್ರ ಇತ್ತು. ಧಾರೆಯ ಹೊತ್ತಿಗೆ ಜನರ ಹಿಂದೆ ನಿಂತು ಅಕ್ಷತೆ ಹಾಕಿ ಹೋದ. ಮುಯ್ಯಿ ಪುಸ್ತಕದಲ್ಲಿ ಅವನ ಹೆಸರಿಲ್ಲ.

ಉಳಿದ ಕಾರ್ಡುಗಳ ಮೂರು ಸಾಲನ್ನು ಮಕ್ಕಳು, ನನ್ನ ಹೆಂಡತಿ ಹಂಚಿಕೊಂಡು ಬರೆದರು. 'ನಿಮ್ಮ ಹಾಡಿಲ್ಲದಿದ್ದರೆ ಎಣ್ಣೆಶಾಸ್ತ್ರ ಸಪ್ಪೆಯಾಗುತ್ತಿತ್ತು', 'ಎರಡನೇ ಪಂಕ್ತಿಯಲ್ಲಿ ಸಾರು ನೀನೇ ಬಡಿಸಿದೆ', ಹೀಗೆ. ತಮ್ಮನ ಕಾರ್ಡು ನನ್ನ ಮೇಜಿನ ಮೇಲೆ ನಾಲ್ಕು ದಿನ ಬಿದ್ದಿತ್ತು. ನೀನು ಮಾಡಿದ ಉಪಕಾರ ಎಂದು ಶುರುಮಾಡಿದರೆ ಸರ್ಕಾರಿ ಪತ್ರವಾಗುತ್ತಿತ್ತು. ಗದ್ದೆಯ ಮಾತೆತ್ತಿದರೆ ಮೂರು ಸಾಲು ಸಾಲದು. ಕೊನೆಗೆ ಬರೆದದ್ದು ಇಷ್ಟೇ: 'ಆ ರಾತ್ರಿ ನೀರು ಬಂತು. ಸದ್ದು ಕೇಳಿಸಿತು. ನಾನು ಎದ್ದಿದ್ದೆ.' ಮಗಳು ಓದಿದಳು, ಏನೂ ಹೇಳದೆ ಅರಿಶಿನದ ಬಟ್ಟಲು ತಂದಿಟ್ಟಳು.

ಹೊರಗಿನವರಿಗೆ ಅಂಚೆಯಲ್ಲಿ ಹೋದವು. ಸುತ್ತಲಿನ ಊರುಗಳವರಿಗೆ ಜಾತ್ರೆಯಲ್ಲಿ ಕೈಗೇ ಕೊಡುವುದೆಂದಾಯಿತು. ಸಂಕ್ರಾಂತಿಯ ಆಸುಪಾಸಿನ ಚುಂಚನಕಟ್ಟೆಯ ದನಗಳ ಜಾತ್ರೆಗೆ ಬಾರದವರು ನಮ್ಮ ಕಡೆ ಯಾರಿದ್ದಾರೆ? ಹೆಗಲಿಗೆ ಚೀಲ ಹಾಕಿಕೊಂಡು ನಾನೂ ಮಗಳೂ ಎತ್ತುಗಳ ಸಾಲಿನ ನಡುವೆ ಓಡಾಡಿದೆವು. ಕೆಲವರು "ಇನ್ನೊಂದು ಮದ್ವೆನಾ ಮೇಷ್ಟ್ರೆ?" ಎಂದು ಬೆರಗಾದರು. ಒಬ್ಬರು ಕೂಡಲೇ ಮುಯ್ಯಿಗೆಂದು ಜೇಬಿಗೆ ಕೈಹಾಕಿದರು. ಅವರಿಗೆ ಬಿಡಿಸಿ ಹೇಳಲು ಕಾಲು ಗಂಟೆ ಹಿಡಿಯಿತು.

ತಮ್ಮ ಹೊಳೆಯ ಕಡೆಯ ಮರದ ಕೆಳಗೆ ತನ್ನ ಜೋಡಿ ಕಟ್ಟಿಕೊಂಡು ಕೂತಿದ್ದ. ಮಗಳು "ಚಿಕ್ಕಪ್ಪ" ಎಂದು ಮುಂದೆ ಹೋದವಳು, ಕಾರ್ಡನ್ನು ತಾನು ಕೊಡದೆ ನನ್ನ ಕೈಗಿಟ್ಟಳು. ಕೊಟ್ಟೆ. ಅವನು ಟವೆಲಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡ. ಕೆಳಗಿನ ಮೂರು ಸಾಲನ್ನು ಓದಲು ಹಿಡಿಯಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡು ನಿಂತಿದ್ದ. ಆಮೇಲೆ ಮೇಲಿನ ಚಿತ್ರದ ಮೇಲೆ ಬೆರಳಿಟ್ಟ.

"ಈಗ ಸರಿಯಾಗಿ ನಿಂತವ್ಳೆ ಸೀತಮ್ಮ" ಎಂದ. "ಮೊದಲ್ನೇ ಕಾರ್ಡ್ ನೋಡ್ದಾಗ್ಲೇ ಅಂದ್ಕಂಡೆ. ಹೇಳುಮಾ ಅಂದ್ರೆ, ಹೆಂಗ್ ಹೇಳದು."

ಮಗಳ ಮುಖ ಕೆಂಪಾಯಿತು. ನಾನು ಎತ್ತುಗಳ ಕಡೆ ನೋಡಿ, "ಎಷ್ಟು ಹೇಳ್ತಿದ್ದೀಯ?" ಎಂದೆ.

"ನೀನ್ ಏನ್ ತಗಂತೀಯ ಬುಡಣ್ಣ" ಎಂದು ಕಾರ್ಡನ್ನು ಅಂಗಿಯ ಜೇಬಿಗಿಟ್ಟುಕೊಂಡು, ಕೂರಲು ಹುಲ್ಲಿನ ಹೊರೆಯೊಂದನ್ನು ನನ್ನ ಕಡೆ ಸರಿಸಿದ.